ನಿಮಗಿದು ಗೊತ್ತೇ? ಸರಾಸರಿ 50 ಅಂಕ ಗಳಿಸಿದವನಿಗೂ ಎಂವಿಪಿ ಸಿಗಲಿಲ್ಲ!

ಅಂಕಪಟ್ಟಿಯಲ್ಲಿ ಆರನೇ ಸ್ಥಾನದಲ್ಲಿರುವ ತಂಡದ ತಾರೆಗೆ ಎಂವಿಪಿ ಪ್ರಶಸ್ತಿ ಕೊಡಬಹುದೇ? ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಮಾರ್ಚ್, ಏಪ್ರಿಲ್ ಬಂತೆಂದರೆ ಈ ಜಗಳ ಶುರುವಾಗುತ್ತದೆ. ಎಂವಿಪಿಯನ್ನು, ಅಂದರೆ ‘ಅತ್ಯಂತ ಮೌಲ್ಯಯುತ ಆಟಗಾರ’ನನ್ನು ಆರಿಸಲು ಇಂಥದ್ದೇ ಮಾನದಂಡ ಎಂದು ಲೀಗ್ ಯಾವತ್ತೂ ಹೇಳಿಲ್ಲ. ಹೆಚ್ಚು ಅಂಕ ಗಳಿಸಿದವನೋ, ಹೆಚ್ಚು ಗೆದ್ದ ತಂಡದವನೋ, ಇಲ್ಲ ಅವನೊಬ್ಬ ಇಲ್ಲದಿದ್ದರೆ ತಂಡದ ಕಥೆ ಮುಗಿಯುತ್ತಿತ್ತು ಅನ್ನಿಸಿಕೊಳ್ಳುವವನೋ? ಅದನ್ನು ಮತ ಹಾಕುವವರೇ ತೀರ್ಮಾನಿಸಬೇಕು. ನಾನು ಈ ಮೂರನೆಯವನ ಪರ. ಯಾಕೆ ಅನ್ನುವುದಕ್ಕೆ ಎನ್‌ಬಿಎ ಇತಿಹಾಸದಲ್ಲೇ ಬೇಕಾದಷ್ಟು ಸಾಕ್ಷಿಗಳಿವೆ.

● ಮೊಟ್ಟಮೊದಲ ಎಂವಿಪಿ ಬಂದದ್ದು ಗೆಲುವಿಗಿಂತ ಸೋಲೇ ಹೆಚ್ಚಿದ್ದ ತಂಡದಿಂದ! 1955–56ರಲ್ಲಿ ಪ್ರಶಸ್ತಿ ಪಡೆದ ಬಾಬ್ ಪೆಟಿಟ್ ಆಡುತ್ತಿದ್ದ ಸೇಂಟ್ ಲೂಯಿಸ್ ಹಾಕ್ಸ್ ತಂಡ ಆ ವರ್ಷ ಗೆದ್ದದ್ದು 33 ಪಂದ್ಯ, ಸೋತದ್ದು 39.

● ಇಪ್ಪತ್ತು ವರ್ಷಗಳ ನಂತರ ಇದು ಮತ್ತೊಮ್ಮೆ ನಡೆಯಿತು. 1975–76ರಲ್ಲಿ ಕರೀಮ್ ಅಬ್ದುಲ್ ಜಬ್ಬಾರ್ ಇದ್ದ ಲಾಸ್ ಏಂಜಲೀಸ್ ಲೇಕರ್ಸ್ 40 ಗೆದ್ದು 42 ಸೋತು, ಪ್ಲೇಆಫ್‌ಗೂ ಬಾರದೆ ಮನೆಗೆ ಹೋಯಿತು. ಎಂವಿಪಿ ಮಾತ್ರ ಕರೀಮ್ ಕೈ ಸೇರಿತು. ಪಂದ್ಯಕ್ಕೆ ಸರಾಸರಿ 27.7 ಅಂಕ, 16.9 ರೀಬೌಂಡ್ (ಬುಟ್ಟಿ ತಪ್ಪಿದ ಚೆಂಡನ್ನು ಹಿಡಿಯುವುದು) ಗಳಿಸಿದ್ದವನನ್ನು ತಂಡ ಸೋತಿತೆಂಬ ಕಾರಣಕ್ಕೆ ಬದಿಗಿಡಲು ಎದುರಾಳಿಗಳಿಗೇ ಮನಸ್ಸಾಗಲಿಲ್ಲ. ಹೌದು, ಎದುರಾಳಿಗಳಿಗೇ! 1979–80ರವರೆಗೆ ಮತ ಹಾಕುತ್ತಿದ್ದವರು ಲೀಗ್‌ನ ಆಟಗಾರರೇ. ಮರುವರ್ಷದಿಂದ ಆ ಹಕ್ಕು ಪತ್ರಕರ್ತರಿಗೂ ಟಿವಿ, ರೇಡಿಯೊದವರಿಗೂ ಹೋಯಿತು. ಅಲ್ಲಿಂದೀಚೆಗೆ ಸೋಲೇ ಹೆಚ್ಚಿದ್ದ ತಂಡದ ಒಬ್ಬನೇ ಒಬ್ಬ ಆಟಗಾರನಿಗೂ ಈ ಪ್ರಶಸ್ತಿ ಸಿಕ್ಕಿಲ್ಲ.

● 1961–62ರ ಸೀಸನ್ನಿನ ಬಗ್ಗೆ ಎಷ್ಟು ಹೇಳಿದರೂ ಸಾಲದು. ಫಿಲಡೆಲ್ಫಿಯಾ ವಾರಿಯರ್ಸ್‌ನ ವಿಲ್ಟ್ ಚೇಂಬರ್ಲೇನ್ ಆ ವರ್ಷ ಪಂದ್ಯಕ್ಕೆ ಸರಾಸರಿ 50.4 ಅಂಕ, 25.7 ರೀಬೌಂಡ್ ಗಳಿಸಿದ. ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ್ದೂ ಅದೇ ಸೀಸನ್ನಿನಲ್ಲಿ, 1962ರ ಮಾರ್ಚ್ 2ರಂದು, ಹರ್ಷಿ ಎಂಬ ಊರಿನಲ್ಲಿ. ಪಂದ್ಯದ ಅವಧಿಯೇ 48 ನಿಮಿಷ. ವಿಲ್ಟ್ ಆಡಿದ್ದು ಸರಾಸರಿ 48.5 ನಿಮಿಷ! ಹೆಚ್ಚುವರಿ ಅವಧಿಗೆ ಹೋದ ಪಂದ್ಯಗಳೂ ಇದ್ದದ್ದರಿಂದ ಈ ಲೆಕ್ಕ. ಇಡೀ ವರ್ಷದಲ್ಲಿ ಅವನು ಅಂಗಣದ ಹೊರಗಿದ್ದದ್ದು ಎಂಟು ನಿಮಿಷದ ಆಸುಪಾಸು, ಅದೂ ರೆಫರಿ ಒಮ್ಮೆ ಹೊರಗೆ ಕಳಿಸಿದ್ದರಿಂದ. ಅತ್ತ ಸಿನ್ಸಿನಾಟಿ ರಾಯಲ್ಸ್‌ನ ಆಸ್ಕರ್ ರಾಬರ್ಟ್‌ಸನ್ 30.8 ಅಂಕ, 12.5 ರೀಬೌಂಡ್, 11.4 ಅಸಿಸ್ಟ್‌ಗಳೊಂದಿಗೆ ಇಡೀ ಸೀಸನ್ನಿಗೇ ಟ್ರಿಪಲ್ ಡಬಲ್, ಅಂದರೆ ಮೂರರಲ್ಲೂ ಎರಡಂಕಿಯ, ಸರಾಸರಿ ದಾಖಲಿಸಿದ. ಅಲ್ಲಿಯವರೆಗೆ ಯಾರೂ ಮಾಡಿರದ ಸಾಧನೆ ಅದು.

ಎಂವಿಪಿ ಇಬ್ಬರಿಗೂ ಬರಲಿಲ್ಲ. ಬಂದದ್ದು 18.9 ಅಂಕಗಳ ಸರಾಸರಿಯ ಬಿಲ್ ರಸೆಲ್‌ಗೆ. ಅವನ ಬಾಸ್ಟನ್ ಸೆಲ್ಟಿಕ್ಸ್ 60 ಪಂದ್ಯ ಗೆದ್ದಿತ್ತು. ವಾರಿಯರ್ಸ್ ಗೆದ್ದದ್ದು 49, ರಾಯಲ್ಸ್ 43. ಬರೀ ಅಂಕಿ ನೋಡಿದವರಿಗೆ ಇದು ಅನ್ಯಾಯ ಅನ್ನಿಸೀತು. ಆದರೆ ರಸೆಲ್‌ನ ನಿಜವಾದ ಕಸುಬು ಎದುರಾಳಿ ಎಸೆದ ಚೆಂಡನ್ನು ಗಾಳಿಯಲ್ಲೇ ತಡೆಯುವುದು. ಅದಕ್ಕೆ ಆಗ ಲೆಕ್ಕದ ಪುಸ್ತಕದಲ್ಲಿ ಜಾಗವೇ ಇರಲಿಲ್ಲ! ಎನ್‌ಬಿಎ ಬ್ಲಾಕ್‌ಗಳನ್ನು ಎಣಿಸಲು ಶುರು ಮಾಡಿದ್ದು 1973–74ರಲ್ಲಿ, ಅಷ್ಟರಲ್ಲಿ ರಸೆಲ್ ನಿವೃತ್ತನಾಗಿ ವರ್ಷಗಳೇ ಆಗಿದ್ದವು. ಅವನ ಎದುರು ಬುಟ್ಟಿಗೆ ಚೆಂಡು ಹಾಕಲು ಹೆಣಗಿದವರಿಗೆ ಪುಸ್ತಕದ ಲೆಕ್ಕ ಬೇಕಿರಲಿಲ್ಲ, ಅವರು ಕಣ್ಣಾರೆ ಕಂಡಿದ್ದರು.

● ಅದೇ ವರ್ಷದ ಇನ್ನೊಂದು ಸೋಜಿಗ: ವರ್ಷದ ಅತ್ಯುತ್ತಮ ಐವರ ತಂಡವನ್ನು ಆರಿಸುತ್ತಿದ್ದವರು ಪತ್ರಕರ್ತರು. ಅವರು ಸೆಂಟರ್ ಸ್ಥಾನಕ್ಕೆ ವಿಲ್ಟ್‌ನನ್ನು ಆರಿಸಿ, ರಸೆಲ್‌ನನ್ನು ಎರಡನೇ ತಂಡಕ್ಕೆ ಹಾಕಿದರು. ಆಟಗಾರರ ಕಣ್ಣಲ್ಲಿ ಇಡೀ ಲೀಗ್‌ಗೇ ಮೊದಲಿಗನಾದವನು ಪತ್ರಿಕೆಯವರ ಕಣ್ಣಲ್ಲಿ ತನ್ನ ಜಾಗದಲ್ಲೇ ಎರಡನೆಯವನು! ರಸೆಲ್‌ಗೆ 1958 ಮತ್ತು 1961ರಲ್ಲೂ ಹೀಗೇ ಆಗಿತ್ತು.

● ಈಗ ಪ್ರತಿ ಮತದಾರ ಐವರ ಹೆಸರನ್ನು ಕ್ರಮವಾಗಿ ಬರೆಯಬೇಕು. ಮೊದಲ ಸ್ಥಾನಕ್ಕೆ 10 ಪಾಯಿಂಟ್, ಮುಂದಿನವಕ್ಕೆ 7, 5, 3, 1. ಈ ಪದ್ಧತಿಯ ಬಿಸಿ ಚಾರ್ಲ್ಸ್ ಬಾರ್ಕ್ಲಿಗೆ 1990ರಲ್ಲಿ ತಟ್ಟಿತು. ಮೊದಲ ಸ್ಥಾನದ ಮತಗಳು ಅವನಿಗೆ 38, ಮ್ಯಾಜಿಕ್ ಜಾನ್ಸನ್‌ಗೆ 27, ಮೈಕಲ್ ಜೋರ್ಡನ್‌ಗೆ 21. ಒಟ್ಟು ಪಾಯಿಂಟ್ ಕೂಡಿದಾಗ ಮ್ಯಾಜಿಕ್‌ಗೆ 636, ಬಾರ್ಕ್ಲಿಗೆ 614. ಪ್ರಶಸ್ತಿ ಮ್ಯಾಜಿಕ್ ಪಾಲಾಯಿತು.

● ಮೊದಲ ಸ್ಥಾನದ ಎಲ್ಲ ಮತಗಳನ್ನೂ ಬಾಚಿಕೊಂಡ ಮೊದಲಿಗ 2016ರ ಸ್ಟೆಫ್ ಕರಿ, 131ಕ್ಕೆ 131. 2000ದಲ್ಲಿ ಶಕೀಲ್ ಓನೀಲ್, 2013ರಲ್ಲಿ ಲೆಬ್ರಾನ್ ಜೇಮ್ಸ್ ಇಬ್ಬರೂ 121ರಲ್ಲಿ ಒಂದೇ ಒಂದು ಮತದಿಂದ ಈ ಗೌರವ ತಪ್ಪಿಸಿಕೊಂಡರು. ಮಹಿಳೆಯರ ಲೀಗ್‌ನಲ್ಲಿ ಸಿಂಥಿಯಾ ಕೂಪರ್ 1997ರಲ್ಲೇ ಇದನ್ನು ಮಾಡಿ ತೋರಿಸಿದ್ದಳು. 2024ರಲ್ಲಿ ಏಜಾ ವಿಲ್ಸನ್ ಮತ್ತೆ ಮಾಡಿದಳು.

● 2013ರಲ್ಲಿ ಲೆಬ್ರಾನ್‌ಗೆ ಬೀಳದ ಆ ಒಂದು ಮತ ಬಾಸ್ಟನ್‌ನ ಪತ್ರಕರ್ತನೊಬ್ಬನದು. ಅವನು ನ್ಯೂಯಾರ್ಕ್ ನಿಕ್ಸ್‌ನ ಕಾರ್ಮೆಲೊ ಆಂಟನಿಗೆ ಮತ ಹಾಕಿದ್ದ. ಲೆಬ್ರಾನ್ ಇಲ್ಲದೆಯೂ ಮಯಾಮಿ ಪ್ಲೇಆಫ್‌ಗೆ ಬರಬಲ್ಲದು, ಕಾರ್ಮೆಲೊ ಇಲ್ಲದಿದ್ದರೆ ನಿಕ್ಸ್ ಬರಲಾರದು ಎಂಬುದು ಅವನ ವಾದ. ಮಯಾಮಿ ಸತತ 27 ಪಂದ್ಯ ಗೆದ್ದಿದ್ದ ಆ ವರ್ಷ ನಾನಾಗಿದ್ದರೆ ಮತವನ್ನು ಲೆಬ್ರಾನ್‌ಗೇ ಹಾಕುತ್ತಿದ್ದೆ. ಆದರೂ ಆ ಪತ್ರಕರ್ತ ಎತ್ತಿದ ಪ್ರಶ್ನೆ ನೂರಕ್ಕೆ ನೂರು ಸರಿ.

● ‘ಅವನಿಲ್ಲದಿದ್ದರೆ ಏನಾಗುತ್ತಿತ್ತು?’ ಎಂಬ ಪ್ರಶ್ನೆಗೆ ಊಹೆ ಬೇಡದ ಉತ್ತರ ಸಿಕ್ಕಿದ ವರ್ಷವೂ ಒಂದಿದೆ. 1977–78ರಲ್ಲಿ ಪೋರ್ಟ್‌ಲ್ಯಾಂಡ್ ಟ್ರೇಲ್ ಬ್ಲೇಜರ್ಸ್‌ನ ಬಿಲ್ ವಾಲ್ಟನ್ ಪಾದಕ್ಕೆ ಪೆಟ್ಟಾಗಿ ಕೂತ. ಆ ಸೀಸನ್ನಿನಲ್ಲಿ ಅವನಾಡಿದ 58 ಪಂದ್ಯಗಳಲ್ಲಿ ತಂಡ 48 ಗೆದ್ದಿತ್ತು. ಅವನಿಲ್ಲದ ಉಳಿದ 24 ಪಂದ್ಯಗಳಲ್ಲಿ ಗೆದ್ದದ್ದು ಬರೀ 10. ಅದೇ ತಂಡ, ಅದೇ ಕೋಚ್! ಆಟಗಾರರು ಅವನನ್ನೇ ಎಂವಿಪಿ ಮಾಡಿದರು. ನನ್ನ ಮಟ್ಟಿಗೆ ಈ ಪ್ರಶಸ್ತಿಯ ಇತಿಹಾಸದಲ್ಲೇ ಅತ್ಯಂತ ನ್ಯಾಯವಾದ ಆಯ್ಕೆ ಇದು.

● ಇವತ್ತಾಗಿದ್ದರೆ ವಾಲ್ಟನ್ ಹೆಸರು ಮತಪತ್ರದಲ್ಲೇ ಇರುತ್ತಿರಲಿಲ್ಲ. 2023–24ರಿಂದ ಸಾಮಾನ್ಯವಾಗಿ 82 ಪಂದ್ಯಗಳಲ್ಲಿ ಕನಿಷ್ಠ 65 ಆಡಿದವರಿಗಷ್ಟೇ ಎಂವಿಪಿ ಅರ್ಹತೆ. ದುಡ್ಡು ಕೊಟ್ಟು ಬಂದ ಪ್ರೇಕ್ಷಕರ ಎದುರು ತಾರೆಗಳು ವಿಶ್ರಾಂತಿ ಎಂದು ಕೂರುವುದನ್ನು ತಪ್ಪಿಸಲು ಬಂದ ನಿಯಮ, ಉದ್ದೇಶ ಒಳ್ಳೆಯದೇ. ಆದರೆ ಮೊದಲ ವರ್ಷವೇ ಅದಕ್ಕೆ ಸಿಕ್ಕಿಬಿದ್ದವನು ಸುಮ್ಮನೆ ಕೂತವನಲ್ಲ, ಮಂಡಿಗೆ ಪೆಟ್ಟು ತಿಂದವನು. ಫಿಲಡೆಲ್ಫಿಯಾದ ಜೊಯೆಲ್ ಎಂಬೀಡ್ 2024ರ ಜನವರಿ 22ರಂದು ಒಂದೇ ಪಂದ್ಯದಲ್ಲಿ 70 ಅಂಕ ಗಳಿಸಿದ್ದ. ಕೆಲವೇ ದಿನಗಳಲ್ಲಿ ಗಾಯಗೊಂಡ. ಅವನಾಡಿದ 39 ಪಂದ್ಯಗಳಲ್ಲಿ ತಂಡ 31 ಗೆದ್ದಿತು. ಅವನಿಲ್ಲದ 43ರಲ್ಲಿ ಗೆದ್ದದ್ದು 16. ಅರ್ಧ ಸೀಸನ್ ಕೂಡ ಆಡದವನಿಗೆ ಪ್ರಶಸ್ತಿ ಕೊಡಿ ಎಂದು ನಾನು ಹೇಳುತ್ತಿಲ್ಲ. ಚರ್ಚೆಗೇ ಬಾಗಿಲು ಹಾಕುವುದು ಬೇಡ, ಅಷ್ಟೇ.

● ಸ್ಟೀವ್ ನ್ಯಾಶ್ 2004–05ರಲ್ಲಿ ಫೀನಿಕ್ಸ್ ಸೇರಿದಾಗ ಆ ತಂಡದ ಹಿಂದಿನ ವರ್ಷದ ಗೆಲುವು 29. ಅವನು ಬಂದ ವರ್ಷ 62! ಅವನ ಸರಾಸರಿ ಬರೀ 15.5 ಅಂಕ. ಆದರೆ ಪಂದ್ಯಕ್ಕೆ 11.5 ಅಸಿಸ್ಟ್, ಅಂದರೆ ಚೆಂಡನ್ನು ಇನ್ನೊಬ್ಬರ ಕೈಗಿಟ್ಟು ಅವರಿಂದ ಅಂಕ ಹಾಕಿಸುವ ಕಲೆ. ಶಕೀಲ್ ಓನೀಲ್‌ನನ್ನು 34 ಪಾಯಿಂಟ್‌ಗಳಿಂದ ಹಿಂದೆ ಹಾಕಿ ಎಂವಿಪಿ ಆದ.

● ಆರನೇ ಸ್ಥಾನದ ಪ್ರಶ್ನೆಗೆ ಈಗ ಬರೋಣ. ಕೊಡಬಹುದು, ಇತ್ತೀಚಿನ ವರ್ಷಗಳಲ್ಲೇ ಎರಡು ಸಲ ಕೊಟ್ಟೂ ಆಗಿದೆ. ಜೊತೆಗಾರ ಕೆವಿನ್ ಡ್ಯುರಾಂಟ್ ತಂಡ ಬಿಟ್ಟ ಮೇಲೆ, 2016–17ರಲ್ಲಿ ರಸೆಲ್ ವೆಸ್ಟ್‌ಬ್ರೂಕ್ ಒಬ್ಬನೇ ಓಕ್ಲಹೋಮಾ ಸಿಟಿಯನ್ನು ಹೆಗಲ ಮೇಲೆ ಹೊತ್ತ. 42 ಟ್ರಿಪಲ್ ಡಬಲ್‌ಗಳೊಂದಿಗೆ ರಾಬರ್ಟ್‌ಸನ್‌ನ 41ರ ದಾಖಲೆ ಮುರಿದ. ತಂಡ ಗೆದ್ದದ್ದು 47, ಪಶ್ಚಿಮ ವಿಭಾಗದಲ್ಲಿ ಆರನೇ ಸ್ಥಾನ. 2021–22ರಲ್ಲಿ ಡೆನ್ವರ್‌ನ ನಿಕೊಲಾ ಯೊಕಿಚ್‌ಗೂ ಹಾಗೇ. ಸಹ ತಾರೆ ಜಮಾಲ್ ಮರ್ರಿ ಇಡೀ ಸೀಸನ್ ಆಡಲಿಲ್ಲ, ಮೈಕಲ್ ಪೋರ್ಟರ್ ಆಡಿದ್ದು 9 ಪಂದ್ಯ. ಆದರೂ ಡೆನ್ವರ್ 48 ಗೆದ್ದಿತು. ಒಂದೇ ಸೀಸನ್ನಿನಲ್ಲಿ 2000 ಅಂಕ, 1000 ರೀಬೌಂಡ್, 500 ಅಸಿಸ್ಟ್ ದಾಟಿದ ಮೊದಲಿಗ ಯೊಕಿಚ್. ಇಂಥವನಿಗೆ ‘ತಂಡ ಆರನೆಯದು’ ಎಂಬ ಆಕ್ಷೇಪ ಹೇಗೆ ಹೊಂದೀತು? ತಂಡ ಹನ್ನೆರಡನೆಯದಾಗದೆ ಆರನೆಯದಾಗಿ ಉಳಿದದ್ದೇ ಅವನಿಂದ.

● ಇದೇ ಯೊಕಿಚ್, ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ 2014ರ ಡ್ರಾಫ್ಟ್‌ನಲ್ಲಿ ಆಯ್ಕೆಯಾದದ್ದು 41ನೆಯವನಾಗಿ. ಅವನ ಹೆಸರು ಕರೆದ ಹೊತ್ತಿಗೆ ಟಿವಿಯಲ್ಲಿ ಟ್ಯಾಕೊ ಬೆಲ್ ತಿಂಡಿಯ ಜಾಹೀರಾತು ಓಡುತ್ತಿತ್ತು! 2022ರ ಟ್ರೋಫಿ ಕೊಡಲು ಡೆನ್ವರ್ ತಂಡದವರು ಸರ್ಬಿಯಾದ ಸೊಂಬೊರ್‌ವರೆಗೆ ಹೋದರು. ಅವನು ಸಿಕ್ಕಿದ್ದು ಕುದುರೆ ಲಾಯದಲ್ಲಿ.

● ಮತದಾನ ಲೀಗ್ ಹಂತಕ್ಕೇ ಮುಗಿಯುತ್ತದೆ, ಪ್ಲೇಆಫ್ ಲೆಕ್ಕಕ್ಕಿಲ್ಲ. ಹಾಗಾಗಿಯೇ 2007ರಲ್ಲಿ ಡರ್ಕ್ ನೊವಿಟ್ಸ್ಕಿ ಟ್ರೋಫಿ ಪಡೆದದ್ದು ಅವನ 67 ಗೆಲುವಿನ ಡಲ್ಲಾಸ್ ತಂಡ ಮೊದಲ ಸುತ್ತಿನಲ್ಲೇ, ಎಂಟನೇ ಸ್ಥಾನದ ತಂಡಕ್ಕೆ ಸೋತ ಮೇಲೆ. 1995ರಲ್ಲಿ ಡೇವಿಡ್ ರಾಬಿನ್ಸನ್‌ಗೆ ಟ್ರೋಫಿ ಕೊಟ್ಟ ಪಂದ್ಯದಲ್ಲೇ ಎದುರಾಳಿ ಹಕೀಮ್ ಒಲಾಜುವಾನ್ 41 ಅಂಕ ಗಳಿಸಿದ.

● ಜೆರ್ರಿ ವೆಸ್ಟ್ ನಾಲ್ಕು ಬಾರಿ ಎರಡನೆಯವನಾದ, ಎಂವಿಪಿ ಒಮ್ಮೆಯೂ ಆಗಲಿಲ್ಲ. ಆದರೆ 1969ರಲ್ಲಿ ಫೈನಲ್ಸ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಅವನಿಗೇ ಬಂತು. ಸೋತ ತಂಡದಲ್ಲಿದ್ದು ಅದನ್ನು ಪಡೆದವನು ಇವತ್ತಿಗೂ ಅವನೊಬ್ಬನೇ.

● ಈಗಿನ ಟ್ರೋಫಿಗೆ ಮೈಕಲ್ ಜೋರ್ಡನ್ ಹೆಸರು. ಎತ್ತರ 23.6 ಇಂಚು, ತೂಕ 23.6 ಪೌಂಡ್: ಅವನ ಜರ್ಸಿ ಸಂಖ್ಯೆ 23, ಗೆದ್ದ ಚಾಂಪಿಯನ್‌ಷಿಪ್ 6.

● 2024–25ರ ಪೈಪೋಟಿ ಈ ಎಲ್ಲ ವಾದಗಳನ್ನೂ ಒಟ್ಟಿಗೆ ಎಳೆದು ತಂದಿತು. ಓಕ್ಲಹೋಮಾದ ಶೇ ಗಿಲ್ಜಸ್ ಅಲೆಕ್ಸಾಂಡರ್ ಸರಾಸರಿ 32.7 ಅಂಕ ಗಳಿಸಿ ತಂಡಕ್ಕೆ 68 ಗೆಲುವು ತಂದ. ಯೊಕಿಚ್ 29.6 ಅಂಕ, 12.7 ರೀಬೌಂಡ್, 10.2 ಅಸಿಸ್ಟ್‌ಗಳೊಂದಿಗೆ ಸೀಸನ್ನಿಗೆ ಟ್ರಿಪಲ್ ಡಬಲ್ ಸರಾಸರಿ ಕಂಡ ಮೂರನೆಯ ಆಟಗಾರನಾದ. ಡೆನ್ವರ್ ಗೆದ್ದದ್ದು 50. ನೂರು ಮತಗಳಲ್ಲಿ ಶೇಗೆ 71, ಯೊಕಿಚ್‌ಗೆ 29 ಮೊದಲ ಸ್ಥಾನ. ಶೇಗೆ ಬಂದ ಪ್ರಶಸ್ತಿಯಲ್ಲಿ ತಪ್ಪು ಹುಡುಕಲಾರೆ. ಅವನ ತಂಡ ಮುಂದೆ ಚಾಂಪಿಯನ್ ಕೂಡ ಆಯಿತು. ಆದರೆ ಯೊಕಿಚ್ ಬೆಂಚಿಗೆ ಹೋಗಿ ಕೂತ ನಿಮಿಷಗಳಲ್ಲಿ ಡೆನ್ವರ್ ಕಟ್ಟಿಕೊಂಡ ಮುನ್ನಡೆ ಕರಗುತ್ತಿದ್ದುದನ್ನು ನೋಡಿದವನು ನಾನು. ನನ್ನ ಕೈಲಿ ಮತಪತ್ರ ಇದ್ದಿದ್ದರೆ ಯೊಕಿಚ್‌ಗೆ 30 ಆಗುತ್ತಿತ್ತು.