ಕಿವಿಗೆ ರೂಢಿಯಾದ ಜಲಪಾತ

ಚುಂಚನಕಟ್ಟೆಯಲ್ಲಿ ಮಳೆಗಾಲದ ಕಾವೇರಿ ಬಂಡೆಗಳ ಮೇಲಿಂದ ಧುಮ್ಮಿಕ್ಕುವಾಗ ಹೊಸಬರು ಕೂಗಿಯೇ ಮಾತಾಡಬೇಕು. ಅಲ್ಲಿನ ಕೋದಂಡರಾಮ ದೇಗುಲದ ಗರ್ಭಗುಡಿಯೊಳಗೆ ಮಾತ್ರ ಈ ಭೋರ್ಗರೆತ ಕೇಳಿಸದೆಂಬ ಪ್ರತೀತಿ ಇದೆ. ಅದಕ್ಕೆ ಸ್ಥಳಪುರಾಣದ ಕಾರಣ ಹೇಳುವವರಿದ್ದಾರೆ, ಕಲ್ಲುಗೋಡೆಯತ್ತ ಬೆರಳು ತೋರುವವರೂ ಉಂಟು. ಆದರೆ ಗೋಡೆಯ ಹಂಗಿಲ್ಲದೆಯೂ ಈ ಸದ್ದು ಅಡಗುವ ಇನ್ನೊಂದು ಜಾಗವಿದೆ. ಅದು ಜಲಪಾತದ ಬದಿಯಲ್ಲೇ ಬಾಳುವವರ ಕಿವಿ.

ಸದ್ದು ಕಿವಿಗೆ ತಲುಪದೆ ಇರುವುದಿಲ್ಲ. ಬದಲಾಗದೆ ಮರುಕಳಿಸುವುದಕ್ಕೆ ನರಮಂಡಲವೇ ಓಗೊಡುವುದನ್ನು ಕಡಿಮೆ ಮಾಡುತ್ತದೆ. 2000ದಲ್ಲಿ ನೊಬೆಲ್ ಪುರಸ್ಕಾರ ಪಡೆದ ಎರಿಕ್ ಕ್ಯಾಂಡೆಲ್ ಇದನ್ನು ಒಂದು ಕಡಲಹುಳುವಿನಲ್ಲಿ ಕಂಡರು. ಮತ್ತೆ ಮತ್ತೆ ಮೆಲ್ಲಗೆ ಮುಟ್ಟಿದರೆ ಅದು ಕಿವಿರನ್ನು ಒಳಗೆಳೆದುಕೊಳ್ಳುವುದು ಕಡಿಮೆಯಾಗುತ್ತದೆ. ನರಕೋಶದಿಂದ ನರಕೋಶಕ್ಕೆ ಸುದ್ದಿ ಒಯ್ಯುವ ರಾಸಾಯನಿಕವೇ ಅಲ್ಲಿ ತಗ್ಗಿರುತ್ತದೆ.

ಕಣ್ಣಿಗೂ ರೂಢಿಯುಂಟು. ಸೀತೆ ರಾಮನ ಎಡಕ್ಕಿರುವುದು ವಾಡಿಕೆ, ಚುಂಚನಕಟ್ಟೆಯಲ್ಲಿ ಬಲಕ್ಕಿದ್ದಾಳೆ. ಕೈಮುಗಿದು, ತೀರ್ಥ ತೆಗೆದುಕೊಂಡು ಹೊರಬಂದ ಮೇಲೆ ಯಾರಾದರೂ ಹೇಳಿದಾಗ ‘ಹೌದೇ?’ ಎಂದು ತಿರುಗಿ ಒಳಹೋಗುವಂತಾದರೆ ಅಚ್ಚರಿಯಿಲ್ಲ. ಎಷ್ಟೋ ಬಾರಿ ನಾವು ಕಾಣುವುದು ನಿರೀಕ್ಷಿಸಿದ್ದನ್ನೇ.

ಸಂಕ್ರಾಂತಿಯ ಆಸುಪಾಸಿನಲ್ಲಿ ಇಲ್ಲಿ ದನಗಳ ಜಾತ್ರೆ ನೆರೆಯುತ್ತದೆ. ಎಡಕ್ಕೆ ಹೂಡಿ ಪಳಗಿಸಿದ ಎತ್ತನ್ನು ಬಲಕ್ಕೆ ಕಟ್ಟಿದರೆ ಅದು ತಡವರಿಸುವುದು ರೈತರಿಗೆ ಗೊತ್ತು. ಮನುಷ್ಯನದೂ ಹೆಚ್ಚುಕಡಿಮೆ ಅದೇ ಪಾಡು. ಒಂದೇ ಸಂದರ್ಭದಲ್ಲಿ ಒಂದೇ ಕೆಲಸ ಮಾಡುತ್ತ ಹೋದಂತೆ ಅದರ ಹೊಣೆಯ ಬಹುಪಾಲು ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾಕ್ಕೆ ಸಲ್ಲುತ್ತದೆ. ಯೋಚಿಸುವ ಶ್ರಮ ಉಳಿಯುತ್ತದೆ. ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಕೂಡುತ್ತದೆಂಬ ಮಾತನ್ನು ಮಾತ್ರ ನಂಬಬೇಕಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದಕ್ಕೆ ಹಿಡಿದದ್ದು 18ರಿಂದ 254 ದಿನ. ನಡುವಿನ ಅಂಕಿ 66.

ಹೀಗೆ ಉಳಿತಾಯವಾದ ಎಚ್ಚರಕ್ಕೆ ಹೊಳೆಯ ದಂಡೆಯಲ್ಲಿ ಬೇರೆಯೇ ಬೆಲೆ ತೆರಬೇಕಾದೀತು. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ದಾಟಿ ಪಳಗಿದ ಕಾಲು ಆಷಾಢದಲ್ಲೂ ಅದೇ ಜಾಡು ಹಿಡಿಯುತ್ತದೆ. ಹೊಸಬ ಹೆದರಿ ನಿಲ್ಲುವ ಕಡೆ ಬಲ್ಲವನು ನಿಲ್ಲುವುದಿಲ್ಲ. ಕೊಡಗಿನಲ್ಲಿ ಮಳೆ ಸುರಿದರೆ ಇಲ್ಲಿ ಬಿಸಿಲಿದ್ದ ದಿನವೂ ನೀರು ಏರುತ್ತದೆ. ಅದು ನಿಧಾನವಾಗಿ ಏರಿದರೆ, ಸದ್ದು ಬದಲಾದದ್ದು ಕೂಡ ರೂಢಿಯಾದ ಕಿವಿಗೆ ತಿಳಿಯದೆ ಹೋಗಬಹುದು.