ದೇವಾಲಯಗಳ ರಾತ್ರಿಯ ಛಾಯಾಚಿತ್ರಗಳು: ಗುಣಪರೀಕ್ಷೆಯ ಕ್ರಮ

ಪ್ರಾಚೀನ ದೇವಾಲಯಗಳ ಸ್ವರೂಪವನ್ನು ತಿಳಿಯುವುದಕ್ಕೆ ಶಾಸನವೂ ಗ್ರಂಥವೂ ಹೇಗೆ ಸಾಧನಗಳೋ ಛಾಯಾಚಿತ್ರವೂ ಹಾಗೆಯೇ ಒಂದು ಸಾಧನವೆಂಬುದನ್ನು ವಿದ್ವಾಂಸರು ಬಹುಕಾಲದಿಂದ ಒಪ್ಪಿರುವರು. ಲಿನೀಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿಯು ೧೮೫೪ರಲ್ಲಿಯೇ ಬೇಲೂರು ಹಳೇಬೀಡುಗಳ ಗುಡಿಗಳ ಛಾಯಾಚಿತ್ರಗಳನ್ನು ತೆಗೆದನು. ಆ ಕಾಲದ ಚಿತ್ರಗಳು ಹಗಲಿನ ಬೆಳಕನ್ನೇ ನಂಬಿದ್ದವು. ಈಚೆಗೆ ಪ್ರದರ್ಶನಗಳಲ್ಲಿಯೂ ಪುಸ್ತಕಗಳಲ್ಲಿಯೂ ರಾತ್ರಿಯ ಚಿತ್ರಗಳು ವಿಶೇಷವಾಗಿ ಕಾಣಬರುತ್ತಿವೆ. ಇವುಗಳಲ್ಲಿ ಯಾವುದು ಉತ್ತಮ, ಯಾವುದು ಮಧ್ಯಮ ಎಂಬುದನ್ನು ನಿರ್ಣಯಿಸುವವರು ಯಾವ ಆಧಾರವನ್ನು ಹಿಡಿಯಬೇಕು? ಇದನ್ನು ಮೈಸೂರು ನಗರದ ಕಟ್ಟಡಗಳನ್ನೇ ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿಚಾರಿಸಲಾಗುವುದು.

ಚಿತ್ರಕ್ಕೆ ಆರು ಅಂಗಗಳುಂಟೆಂದು ಕಾಮಸೂತ್ರದ ವ್ಯಾಖ್ಯಾನಕಾರನಾದ ಯಶೋಧರನು ಜಯಮಂಗಲೆಯಲ್ಲಿ ಹೇಳಿರುವನು. ರೂಪಗಳ ವಿಂಗಡಣೆ, ಪ್ರಮಾಣ, ಭಾವ, ಲಾವಣ್ಯ, ಸಾದೃಶ್ಯ, ಬಣ್ಣಗಳ ವಿನಿಯೋಗ ಎಂಬಿವೇ ಆ ಅಂಗಗಳು. ಇವು ಕುಂಚದ ಚಿತ್ರವನ್ನು ಕುರಿತು ಹುಟ್ಟಿದ ಮಾತುಗಳಾದರೂ ಛಾಯಾಚಿತ್ರಕ್ಕೂ ಚೆನ್ನಾಗಿ ಒಪ್ಪುತ್ತವೆ. ಆದರೆ ರಾತ್ರಿಯ ಚಿತ್ರದಲ್ಲಿ ಒಂದು ವಿಶೇಷವಿದೆ. ಇದರಲ್ಲಿ ಮೂವರ ಕೈವಾಡವು ಸೇರಿರುವುದು: ಕಟ್ಟಿದ ಶಿಲ್ಪಿಯದು, ದೀಪವನ್ನಿಟ್ಟವನದು, ಚಿತ್ರ ತೆಗೆದವನದು. ಈ ಮೂರನ್ನು ಬಿಡಿಸಿ ನೋಡದೆ ಕೊಟ್ಟ ತೀರ್ಪು ಒಬ್ಬನ ಗುಣವನ್ನು ಮತ್ತೊಬ್ಬನಿಗೆ ಕಟ್ಟಿದಂತಾಗುವುದು.

ಮೊದಲು ಪ್ರಮಾಣವನ್ನು ನೋಡೋಣ. ೧೯೩೩ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಅಸ್ತಿಭಾರ ಹಾಕಿದ ಸಂತ ಫಿಲೋಮಿನಾ ಇಗರ್ಜಿಯ ಅವಳಿ ಗೋಪುರಗಳ ಎತ್ತರವು ಸುಮಾರು ೧೭೫ ಅಡಿ. ನೂರು ಅಡಿ ದೂರದಲ್ಲಿ ನಿಂತವನು ಗೋಪುರದ ತುದಿಯನ್ನು ನೋಡಬೇಕಾದರೆ ದೃಷ್ಟಿಯನ್ನು ಸುಮಾರು ೬೦ ಅಂಶ ಮೇಲೆತ್ತಬೇಕು. ಮುನ್ನೂರು ಅಡಿ ಹಿಂದಕ್ಕೆ ಸರಿದರೆ ೩೦ ಅಂಶ ಸಾಕು. ಹತ್ತಿರ ನಿಂತು ಕ್ಯಾಮೆರಾವನ್ನು ಮೇಲಕ್ಕೆ ಓರೆಮಾಡಿದರೆ ನೆಟ್ಟನೆಯ ಗೋಪುರಗಳು ಒಂದರ ಕಡೆಗೊಂದು ವಾಲಿದಂತೆ ಕಾಣುವುವು. ಹಗಲಿನಲ್ಲಿ ಸುತ್ತಲಿನ ಮರ, ಕಂಬ, ಮನೆಗಳು ಈ ದೋಷವನ್ನು ಕಣ್ಣಿಗೆ ಎತ್ತಿ ತೋರಿಸುತ್ತವೆ. ರಾತ್ರಿಯಲ್ಲಿ ಅವೆಲ್ಲ ಕತ್ತಲೆಯಲ್ಲಿ ಅಡಗುವುದರಿಂದ ದೋಷವೇ ಗಾಂಭೀರ್ಯವೆಂಬ ಭ್ರಾಂತಿಯನ್ನುಂಟುಮಾಡುವುದು. ಆದುದರಿಂದ ಪರೀಕ್ಷಕನು ಮೊದಲು ಲಂಬರೇಖೆಗಳನ್ನು ಅಳೆದು ನೋಡತಕ್ಕುದು.

ಎರಡನೆಯದು ರೂಪಗಳ ವಿಂಗಡಣೆ. ಇದು ಎಲ್ಲಕ್ಕಿಂತಲೂ ಮುಖ್ಯವಾದುದು. ನಮ್ಮ ದೇವಾಲಯಗಳ ಅಧಿಷ್ಠಾನ, ಕಪೋತ, ಕೋಷ್ಠಗಳೆಲ್ಲವೂ ಮೇಲಿನಿಂದ ಬೀಳುವ ಬೆಳಕನ್ನು ಎಣಿಸಿ ಕಡೆದವು. ಕಪೋತದ ನೆರಳು ಗೋಡೆಯ ಮೇಲೆ ಬಿದ್ದಾಗಲೇ ಅದು ಎಷ್ಟು ಮುಂದಕ್ಕೆ ಚಾಚಿದೆಯೆಂಬುದು ತಿಳಿಯುವುದು. ಮೈಸೂರು ನಗರಕ್ಕೆ ವಿದ್ಯುದ್ದೀಪವು ಬಂದುದು ೧೯೦೮ರಲ್ಲಿ. ಅದಕ್ಕೆ ಹಿಂದಿನ ಶಿಲ್ಪಿಗೆ ಸೂರ್ಯ, ಚಂದ್ರ, ಎಣ್ಣೆಯ ದೀಪ ಇವಲ್ಲದೆ ಬೇರೆ ಬೆಳಕಿರಲಿಲ್ಲ. ಈಗ ನೆಲದಲ್ಲಿಟ್ಟ ದೀಪವು ಕೆಳಗಿನಿಂದ ಮೇಲಕ್ಕೆ ಬೆಳಗಿದರೆ ಕಪೋತದ ಅಡಿಭಾಗವು ಹೊಳೆದು, ನೆರಳು ಮೇಲಕ್ಕೆ ಹೋಗುವುದು. ಬೆಳಕು ಮೇಲಿನಿಂದ ಬರುವುದೆಂದೇ ಎಣಿಸುವ ನಮ್ಮ ಕಣ್ಣಿಗೆ ಆಗ ತಗ್ಗು ಉಬ್ಬಾಗಿಯೂ ಉಬ್ಬು ತಗ್ಗಾಗಿಯೂ ತೋರಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರವರು ಕಟ್ಟಿಸಿದ ಚಾಮುಂಡೇಶ್ವರಿಯ ಏಳು ನೆಲೆಯ ಗೋಪುರದಂತಹ ಕಟ್ಟಡದ ಚಿತ್ರದಲ್ಲಿ ಏಳು ನೆಲೆಗಳನ್ನೂ ಬೇರೆಬೇರೆಯಾಗಿ ಎಣಿಸುವುದಕ್ಕೆ ಆಗುವುದೇ ಎಂದು ಕೇಳಬೇಕು. ಆಗದಿದ್ದರೆ ಅದು ದೀಪದ ಚಿತ್ರವೇ ಹೊರತು ಗೋಪುರದ ಚಿತ್ರವಲ್ಲ.

ದಸರೆಯ ದೀಪಾಲಂಕಾರವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ೧೯೧೨ರಲ್ಲಿ ಮುಗಿದ ಅರಮನೆಯು ಸುಮಾರು ಒಂದು ಲಕ್ಷ ದೀಪಗಳಿಂದ ಬೆಳಗುವುದು. ಕೋಟೆಯೊಳಗಿನ ಶ್ವೇತವರಾಹಸ್ವಾಮಿಯ ಗೋಪುರದ ಮೇಲೆಯೂ ದೀಪಗಳ ಸಾಲುಂಟು. ಈ ದೀಪಗಳು ಕಟ್ಟಡವನ್ನು ಬೆಳಗುವುದಕ್ಕಿಂತ ಅದರ ಅಂಚನ್ನು ಬರೆಯುತ್ತವೆ. ಆ ಗುಡಿಯನ್ನು ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಹೊಯ್ಸಳ ಕಟ್ಟಡದ ಕಂಬ ಬಾಗಿಲುವಾಡಗಳನ್ನು ತಂದು ಕಟ್ಟಿದರೆಂಬ ಸಂಗತಿಯು ಅಂತಹ ಚಿತ್ರದಿಂದ ಯಾರಿಗೂ ಹೊಳೆಯಲಾರದು. ಉತ್ಸವದ ಚಿತ್ರವೆಂದು ಅದಕ್ಕೆ ಪೂರ್ಣಾಂಕವನ್ನು ಕೊಡಬಹುದು. ವಾಸ್ತುವಿನ ಚಿತ್ರವೆಂದು ಕೊಡಲಾಗದು. ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವುದು ನ್ಯಾಯವಲ್ಲ.

ಹಾಗಾದರೆ ರಾತ್ರಿಯ ಚಿತ್ರದಿಂದ ವಾಸ್ತುಜ್ಞಾನವೇ ಆಗದೋ ಎಂದರೆ, ಆಗುವುದು. ಬೆಳದಿಂಗಳು ಸೂರ್ಯನ ಬೆಳಕಿನಂತೆಯೇ ಮೇಲಿನಿಂದ ಬೀಳುವುದು. ಶಿಲ್ಪಿಯು ಎಣಿಸಿದ ನೆರಳುಗಳು ಅದರಲ್ಲಿ ಕೆಡುವುದಿಲ್ಲ. ಆದರೆ ಹುಣ್ಣಿಮೆಯ ಬೆಳಕು ಸೂರ್ಯನ ಬೆಳಕಿನ ನಾಲ್ಕು ಲಕ್ಷದಲ್ಲಿ ಒಂದು ಪಾಲು ಮಾತ್ರ. ಬಿಸಿಲಿನಲ್ಲಿ ಒಂದು ಸೆಕೆಂಡಿನ ನೂರರಲ್ಲೊಂದು ಭಾಗದಲ್ಲಿ ಮೂಡುವ ಚಿತ್ರಕ್ಕೆ ಲೆಕ್ಕದ ಪ್ರಕಾರ ಒಂದು ಗಂಟೆಗೂ ಮೀರಿ ಕಾಯಬೇಕು. ಕ್ಷೀಣವಾದ ಬೆಳಕು ದೀರ್ಘಕಾಲ ಬಿದ್ದರೂ ಛಾಯಾಫಲಕದ ಮೇಲೆ ಲೆಕ್ಕದಷ್ಟು ಕೆಲಸ ಮಾಡದೆಂಬುದನ್ನು ಜರ್ಮನಿಯ ಜ್ಯೋತಿಃಶಾಸ್ತ್ರಜ್ಞನಾದ ಕಾರ್ಲ್ ಷ್ವಾರ್ಟ್ಸ್‌ಷಿಲ್ಡನು ೧೮೯೯ರ ಸುಮಾರಿನಲ್ಲಿ ಪರಿಶೀಲಿಸಿದನು. ಇಂದಿನ ಡಿಜಿಟಲ್ ಯಂತ್ರವು ಇಷ್ಟು ಕಾಯಿಸದಿದ್ದರೂ ಅದಕ್ಕೂ ತಾಳ್ಮೆ ಬೇಕೇ ಬೇಕು. ಇಗರ್ಜಿಯ ಬಣ್ಣದ ಗಾಜಿನ ಕಿಟಕಿಗಳಿಗೆ ರಾತ್ರಿಯು ಮತ್ತೊಂದು ಉಪಕಾರವನ್ನು ಮಾಡುವುದು. ಹಗಲಿನಲ್ಲಿ ಹೊರಗಿನಿಂದ ಕಪ್ಪಾಗಿ ಕಾಣುವ ಗಾಜು, ಒಳಗೆ ದೀಪ ಹೊತ್ತಿದಾಗ ಹೊರಗೆ ನಿಂತವನಿಗೂ ತನ್ನ ಬಣ್ಣವನ್ನು ತೋರುವುದು.

ಬಣ್ಣದ ವಿಷಯದಲ್ಲಿ ದೀಪದ ಜಾತಿಯನ್ನು ತಿಳಿದಿರಬೇಕು. ಸೋಡಿಯಂ ದೀಪದ ಹಳದಿಯಲ್ಲಿ ಬಳಪದ ಕಲ್ಲೂ ಸುಣ್ಣದ ಗಾರೆಯೂ ಒಂದೇ ಆಗಿ ಕಾಣುವುವು. ಹಲವು ಚಿತ್ರಗಳನ್ನು ಒಂದರ ಮೇಲೊಂದು ಸೇರಿಸಿ ಕತ್ತಲೆಯನ್ನೆಲ್ಲ ಅಳಿಸುವ ಪದ್ಧತಿಯೂ ಈಗ ಉಂಟು. ಅದರಿಂದ ವಿವರವು ಹೆಚ್ಚುವುದು ನಿಜ; ಆದರೆ ರಾತ್ರಿಯೇ ಇಲ್ಲದಂತಾದರೆ ಸಾದೃಶ್ಯವು ಕೆಟ್ಟಿತೆಂದೇ ಹೇಳಬೇಕು. ಗರ್ಭಗೃಹದ ಮಂದವಾದ ಬೆಳಕು ಶಿಲ್ಪಿಯು ಬೇಕೆಂದೇ ಉಳಿಸಿದುದು. ಅದನ್ನು ಅಳಿಸಿದ ಚಿತ್ರದಲ್ಲಿ ಕಲ್ಲು ಕಾಣಬಹುದು, ಭಾವವು ಕಾಣದು. ಕ್ಷೇಮೇಂದ್ರನು ಕಾವ್ಯಕ್ಕೆ ಪ್ರಾಣವೆಂದ ಔಚಿತ್ಯವು ಇಲ್ಲಿಯೂ ಪ್ರಾಣವೇ.

ಇಷ್ಟರಿಂದ ಪರೀಕ್ಷೆಯ ಕ್ರಮವು ಸಿದ್ಧವಾಗುವುದು. ಚಿತ್ರದ ಜೊತೆಯಲ್ಲಿ ತೆಗೆದ ದಿನ, ಹೊತ್ತು, ಬೆಳಕು ಬಿದ್ದ ಅವಧಿ, ದೀಪದ ಬಗೆ, ಸೇರಿಸಿದ ಚಿತ್ರಗಳ ಸಂಖ್ಯೆ ಇವನ್ನು ಬರೆದು ಕೊಡಬೇಕೆಂದು ವಿಧಿಸತಕ್ಕುದು. ಪರೀಕ್ಷಕನು ಅದೇ ಕಟ್ಟಡದ ಹಗಲಿನ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಲಂಬರೇಖೆ, ನೆರಳು, ಬಣ್ಣ ಇವನ್ನು ಕ್ರಮವಾಗಿ ನೋಡಿ, ಭಾವಲಾವಣ್ಯಗಳನ್ನು ಕೊನೆಯಲ್ಲಿ ಎಣಿಸಬೇಕು. ಲಾವಣ್ಯವನ್ನು ಮೊದಲೇ ನೋಡಿದರೆ ಉಳಿದ ಅಂಗಗಳ ದೋಷವು ಕಣ್ಣಿಗೆ ಬೀಳುವುದಿಲ್ಲ. ಗೋಪುರಗಳು ಮಳೆಗಾಳಿಗಳಿಂದ ಸವೆಯುತ್ತಿರುವುವು. ಜೀರ್ಣೋದ್ಧಾರದಲ್ಲಿ ಕೆಲವು ರೂಪಾಂತರವನ್ನೂ ಹೊಂದುತ್ತಿರುವುವು. ಮುಂದಿನವರು ಇಂದಿನ ಚಿತ್ರಗಳನ್ನೇ ಸಾಕ್ಷಿಯಾಗಿ ಹಿಡಿಯುವರು. ಆ ಸಾಕ್ಷ್ಯವು ದೀಪದ ಮಾತನ್ನು ಶಿಲ್ಪಿಯ ಮಾತೆಂದು ನುಡಿಯದಂತೆ ನೋಡಿಕೊಳ್ಳುವುದು ಇಂದಿನ ಪರೀಕ್ಷಕರ ಹೊಣೆಯಾಗಿರುತ್ತದೆ.