ಮನೆಗೆ ಪ್ಲಾನ್ ಕೊಟ್ಟವರು ಶಾಲೆಯ ಸೀಟು ಎಣಿಸಿದ್ದರಾ?

ವೀಕ್ಷಕರೇ, ಡಿಸೆಂಬರ್ ಬಂತು ಅಂದ್ರೆ ಬೆಂಗಳೂರಿನ ಹೊರವಲಯದಲ್ಲಿ ಒಂದು ಓಡಾಟ ಶುರುವಾಗುತ್ತೆ. ವರ್ತೂರು, ಸರ್ಜಾಪುರ ರಸ್ತೆ, ತಣಿಸಂದ್ರ, ಕನಕಪುರ ರಸ್ತೆ, ಎಲ್ಲೇ ನೋಡಿ. ಅಪ್ಪ ಒಂದು ಶಾಲೆಯ ಗೇಟಿನಲ್ಲಿ, ಅಮ್ಮ ಇನ್ನೊಂದು ಶಾಲೆಯ ಗೇಟಿನಲ್ಲಿ. ಮಗುವಿಗೆ ಇನ್ನೂ ಮೂರೂವರೆ ವರ್ಷ. ಎಲ್‌ಕೆಜಿ ಸೀಟಿಗೆ ಈ ಪಾಡು. ಏಪ್ರಿಲ್‌ನಲ್ಲಿ ನಾವು ಚಾನೆಲ್‌ನವರು ಮೈಕ್ ಹಿಡ್ಕೊಂಡು ಹೋಗ್ತೀವಿ, ಫೀಸ್ ಬಗ್ಗೆ ಒಂದು ಗಂಟೆ ಚರ್ಚೆ ಮಾಡ್ತೀವಿ, ಖಾಸಗಿ ಶಾಲೆಗಳನ್ನು ಚೆನ್ನಾಗಿ ಬೈತೀವಿ. ಆದರೆ ಅದಕ್ಕೂ ಹಿಂದೆ ಕೇಳಬೇಕಾದ ಒಂದು ಪ್ರಶ್ನೆ ಹಾಗೇ ಉಳಿದುಬಿಡುತ್ತೆ. ಈ ಏರಿಯಾದಲ್ಲಿ ಎಷ್ಟು ಮಕ್ಕಳಿದ್ದಾರೆ, ಎಷ್ಟು ಸೀಟಿದೆ, ಇನ್ನು ಐದು ವರ್ಷಕ್ಕೆ ಎಷ್ಟು ಬೇಕು? ಈ ಲೆಕ್ಕ ಇಡೋದು ಯಾರ ಕೆಲಸ?

ಯಾರದೋ ಒಬ್ಬರದ್ದು ಅಂತ ಕಾನೂನು ಸ್ಪಷ್ಟವಾಗಿ ಹೇಳಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಅಂದ ತಕ್ಷಣ ನಮಗೆ ನೆನಪಾಗೋದು ಖಾಸಗಿ ಶಾಲೆಯ ಶೇ 25 ಸೀಟು ಮಾತ್ರ. ಅದೇ ಕಾಯ್ದೆಯ 9ನೇ ಸೆಕ್ಷನ್ ಓದಿದವರು ಕಡಿಮೆ. ಅದರಲ್ಲಿ ಸ್ಥಳೀಯ ಸಂಸ್ಥೆಯ ಕರ್ತವ್ಯಗಳ ಪಟ್ಟಿ ಇದೆ. ಸ್ಥಳೀಯ ಸಂಸ್ಥೆ ಅಂದ್ರೆ ಮಹಾನಗರ ಪಾಲಿಕೆ, ನಗರಸಭೆ, ಪಂಚಾಯಿತಿ. ನೆರೆಹೊರೆಯಲ್ಲಿ ಶಾಲೆ ಇರುವಂತೆ ನೋಡಿಕೊಳ್ಳಬೇಕು. ತನ್ನ ವ್ಯಾಪ್ತಿಯಲ್ಲಿ ವಾಸ ಮಾಡುವ 14 ವರ್ಷದವರೆಗಿನ ಪ್ರತಿ ಮಗುವಿನ ದಾಖಲೆ ಇಡಬೇಕು. ವಲಸೆ ಬಂದ ಕುಟುಂಬದ ಮಗುವಿಗೂ ದಾಖಲಾತಿ ಕೊಡಿಸಬೇಕು. ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರ್ ಒಳಗೆ, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅನ್ನೋದು ನಿಯಮ. ಶಾಲೆ ಇಲ್ಲದ ಕಡೆ ಶಾಲೆ ತೆರೆಯಲು ಕಾಯ್ದೆ ಕೊಟ್ಟ ಗಡುವು ಮೂರು ವರ್ಷ. ಕಾಯ್ದೆ ಜಾರಿಯಾಗಿದ್ದು 2010ರ ಏಪ್ರಿಲ್ 1ಕ್ಕೆ. ಗಡುವು ಮುಗಿದು ಎಷ್ಟು ಕಾಲವಾಯ್ತು, ನೀವೇ ಲೆಕ್ಕ ಹಾಕಿ.

ಈಗ ಊರು ಬೆಳೆದ ಲೆಕ್ಕ ನೋಡಿ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65 ಲಕ್ಷ ಚಿಲ್ಲರೆ. 2011ರಲ್ಲಿ 96 ಲಕ್ಷ. ಹತ್ತೇ ವರ್ಷದಲ್ಲಿ ಮೂವತ್ತು ಲಕ್ಷ ಜನ ಹೆಚ್ಚಾದರು. ಆಮೇಲೆ? 2021ರಲ್ಲಿ ಆಗಬೇಕಿದ್ದ ಜನಗಣತಿ ಆ ವರ್ಷ ಆಗಲೇ ಇಲ್ಲ. ಬೆಳವಣಿಗೆಯೆಲ್ಲ ಆಗಿದ್ದು ಎಲ್ಲಿ? ಮಲ್ಲೇಶ್ವರದಲ್ಲಲ್ಲ, ಬಸವನಗುಡಿಯಲ್ಲಲ್ಲ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದರಲ್ಲ, ಆ ಅಂಚಿನಲ್ಲಿ. ಹಳ್ಳಿಗೆ ಅಂತ ಕಟ್ಟಿದ ನಾಲ್ಕು ಕೊಠಡಿಯ ಸರ್ಕಾರಿ ಶಾಲೆ ಅಲ್ಲೇ ಇದೆ, ಅದರ ಸುತ್ತ ಹದಿನೈದು ಅಂತಸ್ತಿನ ಅಪಾರ್ಟ್‌ಮೆಂಟು ಎದ್ದಿವೆ.

ಅಪಾರ್ಟ್‌ಮೆಂಟಿಗೆ ಪ್ಲಾನ್ ಮಂಜೂರು ಮಾಡುವಾಗ ಎಷ್ಟು ಕಡೆ ಎನ್‌ಒಸಿ ಕೇಳ್ತಾರೆ ಗೊತ್ತಾ? ಜಲಮಂಡಳಿ, ಬೆಸ್ಕಾಂ, ಅಗ್ನಿಶಾಮಕ, ಎತ್ತರ ಹೆಚ್ಚಾದರೆ ವಿಮಾನ ನಿಲ್ದಾಣದ ಪ್ರಾಧಿಕಾರ. ಬಿಇಒ ಕಚೇರಿಗೆ ಒಂದು ಕಾಗದವೂ ಹೋಗಲ್ಲ. ಇಲ್ಲಿ ಐನೂರು ಮನೆ ಬರ್ತಿದೆ, ಇಂತಿಷ್ಟು ಮಕ್ಕಳು ಬರಬಹುದು ಅಂತ ಶಿಕ್ಷಣ ಇಲಾಖೆಗೆ ಹೇಳೋರೇ ಇಲ್ಲ. ಪಾಲಿಕೆ ಕೆಲವು ಶಾಲೆ ನಡೆಸುತ್ತೆ ನಿಜ, ಆದರೆ ಸರ್ಕಾರಿ ಶಾಲೆಗಳಲ್ಲಿ ಬಹುಪಾಲು ಇರೋದು ಇಲಾಖೆಯ ಕೈಯಲ್ಲಿ. ಪಾಲಿಕೆಗೆ ಮನೆ ಗೊತ್ತು, ಮಗು ಗೊತ್ತಿಲ್ಲ. ಇಲಾಖೆಗೆ ಶಾಲೆ ಗೊತ್ತು, ಮನೆ ಗೊತ್ತಿಲ್ಲ. ಈಗ ಐದು ಪಾಲಿಕೆ ಆಗಿವೆ. ಶಿಕ್ಷಣ ಇಲಾಖೆಗೆ ಮಾತ್ರ ನಗರ ಜಿಲ್ಲೆ ಅಂದ್ರೆ ಬೆಂಗಳೂರು ಉತ್ತರ, ಬೆಂಗಳೂರು ದಕ್ಷಿಣ ಅಂತ ಎರಡೇ ಶೈಕ್ಷಣಿಕ ಜಿಲ್ಲೆ. ಗಡಿಯೇ ಹೊಂದದಿದ್ದರೆ ಲೆಕ್ಕ ಹೇಗೆ ಹೊಂದುತ್ತೆ?

ಇಲಾಖೆಯವರು ಒಂದು ಮಾತು ಹೇಳ್ತಾರೆ. ನಮ್ಮಲ್ಲಿ ಅಂಕಿ ಅಂಶ ಇದೆ, ಪ್ರತಿ ಶಾಲೆಯೂ ಯು-ಡೈಸ್‌ನಲ್ಲಿ ಮಾಹಿತಿ ತುಂಬುತ್ತೆ ಅಂತ. ಸರಿ, ತುಂಬುತ್ತೆ. ಆದರೆ ಅದು ಎಣಿಸೋದು ಶಾಲೆಯ ಬೆಂಚಿನ ಮೇಲೆ ಕೂತ ಮಗುವನ್ನು. ಸೀಟು ಸಿಗದೆ ಎಂಟು ಕಿಲೋಮೀಟರ್ ವ್ಯಾನಿನಲ್ಲಿ ಹೋಗೋ ಮಗು ಬೇರೆ ಏರಿಯಾದ ಲೆಕ್ಕಕ್ಕೆ ಸೇರುತ್ತೆ. ಶಾಲೆಗೇ ಹೋಗದ ಮಗು ಯಾವ ಲೆಕ್ಕಕ್ಕೂ ಇಲ್ಲ. 2013ರಲ್ಲಿ ನಮ್ಮ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಪತ್ರಿಕೆಯಲ್ಲಿ ಬಂದ ವರದಿ ನೋಡಿ ತಾನಾಗಿಯೇ ಪ್ರಕರಣ ದಾಖಲಿಸಿಕೊಳ್ಳಬೇಕಾಯ್ತು. ಮನೆ ಮನೆಗೆ ಹೋಗಿ ಎಣಿಸಿ ಅಂತ ಕೋರ್ಟೇ ಹೇಳಬೇಕಾಯ್ತು. 9ನೇ ಸೆಕ್ಷನ್ ಅಷ್ಟರಲ್ಲಾಗಲೇ ಜಾರಿಯಲ್ಲಿತ್ತು!

ಇನ್ನು ಜಾಗದ ಕಥೆ. ಮಕ್ಕಳ ಲೆಕ್ಕ ಸಿಕ್ಕರೂ ಜಾಗ ಬೇಕಲ್ಲ. ಬಿಡಿಎ ತಾನೇ ಬಡಾವಣೆ ಮಾಡಿದರೆ ಶೇ 15ರಷ್ಟು ಪಾರ್ಕು, ಮೈದಾನಕ್ಕೆ, ಅದರ ಮೇಲೆ ಕನಿಷ್ಠ ಶೇ 10ರಷ್ಟು ನಾಗರಿಕ ಸೌಲಭ್ಯಕ್ಕೆ ಬಿಡಬೇಕು ಅಂತ 1976ರ ಬಿಡಿಎ ಕಾಯ್ದೆಯಲ್ಲಿದೆ. ಜನರ ಬಾಯಲ್ಲಿ ಅದು ಸಿಎ ಸೈಟ್. ಆದರೆ ಸಿಎ ಸೈಟ್ ಅಂದ್ರೆ ಶಾಲೆಯೇ ಆಗಬೇಕಿಲ್ಲ. ಅಂಚೆ ಕಚೇರಿ, ಬ್ಯಾಂಕು, ಆಸ್ಪತ್ರೆ, ಸಂಘ ಸಂಸ್ಥೆ, ಎಲ್ಲರೂ ಅದಕ್ಕೆ ಕ್ಯೂ. ಶಾಲೆಗೆ ಅಂತ ಖಾಸಗಿ ಟ್ರಸ್ಟಿಗೆ 30 ವರ್ಷದ ಲೀಸಿಗೆ ಕೊಟ್ಟರೆ ಕಾಗದದ ಮೇಲೆ ಶಾಲೆ ಬಂತು, ಫೀಸ್ ಕಟ್ಟಲಾಗದವರಿಗೆ ಬರಲಿಲ್ಲ. ರೆವಿನ್ಯೂ ಲೇಔಟಿನ ಪಾಡಂತೂ ಕೇಳಲೇಬೇಡಿ. ಹೊಲವನ್ನು ಮೂವತ್ತು ನಲವತ್ತರ ಸೈಟ್ ಮಾಡಿ ಮಾರಿದವನು ರಸ್ತೆಗೇ ಹದಿನೈದು ಅಡಿ ಬಿಟ್ಟಿರಲ್ಲ, ಶಾಲೆಗೆ ಬಿಡ್ತಾನಾ? ನಾವು ಬಿ ಖಾತಾ ಎ ಖಾತಾ ಆಗುತ್ತಾ ಅಂತ ವರ್ಷಗಟ್ಟಲೆ ಕಾಯ್ತೀವಿ. ಖಾತೆ ಬದಲಾದರೂ ಬಿಡದ ಜಾಗ ವಾಪಸ್ ಬರಲ್ಲ.

ಹೊರಗೆ ಹೇಗಿದೆ ಅಂತ ಒಂದು ಉದಾಹರಣೆ ನೋಡೋಣ. ಇಂಗ್ಲೆಂಡ್‌ನಲ್ಲಿ 1996ರ ಶಿಕ್ಷಣ ಕಾಯ್ದೆ ಪ್ರಕಾರ ತನ್ನ ಪ್ರದೇಶಕ್ಕೆ ಸಾಕಾಗುವಷ್ಟು ಶಾಲೆ ಇರುವಂತೆ ನೋಡೋದು ಸ್ಥಳೀಯ ಕೌನ್ಸಿಲ್‌ನ ಹೊಣೆ. ಅವರು ಏನು ಮಾಡ್ತಾರೆ? ಜನನದ ಸಂಖ್ಯೆ, ಊರಿನ ಡಾಕ್ಟರ್ ಬಳಿ ನೋಂದಣಿಯಾದ ಮಕ್ಕಳ ಸಂಖ್ಯೆ, ಹೊಸ ಮನೆಗಳ ಅನುಮತಿ, ಇವನ್ನೆಲ್ಲ ಒಂದೇ ಮೇಜಿನ ಮೇಲೆ ಹರಡಿಕೊಂಡು ಪ್ರಾಥಮಿಕಕ್ಕೆ ಐದು ವರ್ಷ, ಪ್ರೌಢಶಾಲೆಗೆ ಏಳು ವರ್ಷ ಮುಂದಿನ ಅಂದಾಜು ತಯಾರಿಸ್ತಾರೆ. ನೂರು ಹೊಸ ಮನೆಗೆ ಸರಾಸರಿ ಎಷ್ಟು ಮಕ್ಕಳು ಅನ್ನೋದಕ್ಕೆ ಪ್ರತಿ ಕೌನ್ಸಿಲ್‌ನಲ್ಲೂ ಒಂದು ಸೂತ್ರ ಇರುತ್ತೆ. ದೊಡ್ಡ ಬಡಾವಣೆ ಕಟ್ಟುವ ಬಿಲ್ಡರ್ ಜೊತೆ ಪ್ಲಾನ್ ಕೊಡೋ ಹೊತ್ತಿನಲ್ಲೇ ಒಪ್ಪಂದ. ಶಾಲೆಗೆ ಹಣ ಕೊಡು, ಇಲ್ಲ ಜಾಗ ಕೊಡು.

ಅಲ್ಲೂ ಎಲ್ಲ ಸರಿ ಇಲ್ಲ. 2011ರ ನಂತರ ಹೊಸ ಶಾಲೆ ಬೇಕೆಂದರೆ ಮೊದಲು ಅಕಾಡೆಮಿಗೆ ಅವಕಾಶ ಕೊಡಬೇಕು ಅಂತಾಯ್ತು. ಅಕಾಡೆಮಿ ಅಂದ್ರೆ ಕೌನ್ಸಿಲ್ ಹಿಡಿತದಲ್ಲಿಲ್ಲದ ಸರ್ಕಾರಿ ಹಣದ ಶಾಲೆ. ಹೊಣೆ ಕೌನ್ಸಿಲ್‌ದು, ಕೀಲಿಕೈ ಬೇರೆಯವರದು. ಲಂಡನ್‌ನಲ್ಲಿ ಮಕ್ಕಳು ಹೆಚ್ಚಾದಾಗ ಅವಸರದಲ್ಲಿ ಹೆಚ್ಚುವರಿ ತರಗತಿ ತೆರೆದರು, 2012ರ ನಂತರ ಜನನ ಇಳಿಯಿತು, ಈಗ ಅದೇ ಲಂಡನ್‌ನಲ್ಲಿ ಮಕ್ಕಳಿಲ್ಲದೆ ಶಾಲೆ ಮುಚ್ತಿದ್ದಾರೆ. ಅಂದಾಜು ತಪ್ಪಬಹುದು. ಆದರೆ ತಪ್ಪಿದಾಗ ಅಲ್ಲಿನ ಜನ ಯಾರ ಬಾಗಿಲು ಬಡೀಬೇಕು ಅಂತ ಗೊತ್ತಿದೆ.

ನಮ್ಮಲ್ಲಿ ಮಾಹಿತಿಯೇ ಇಲ್ಲ ಅಂದ್ರೆ ನಾನು ಒಪ್ಪಲ್ಲ. ಅಂಗನವಾಡಿ ಕಾರ್ಯಕರ್ತೆಯ ಪುಸ್ತಕದಲ್ಲಿ ಆರು ವರ್ಷದೊಳಗಿನ ಮಕ್ಕಳ ಪಟ್ಟಿ ಇದೆ. ಬೆಸ್ಕಾಂನಲ್ಲಿ ಹೊಸ ಮೀಟರ್ ಎಷ್ಟು, ಎಲ್ಲಿ ಅನ್ನೋದಿದೆ. ಜನನ ನೋಂದಣಿ ಆಗೋದು ಆಸ್ಪತ್ರೆ ಇರುವ ಜಾಗದಲ್ಲಿ, ಹಾಗಾಗಿ ಮೇಲ್ನೋಟಕ್ಕೆ ಅದು ವಾರ್ಡಿನ ಲೆಕ್ಕಕ್ಕೆ ಬರಲ್ಲ, ಆದರೆ ಫಾರಂನಲ್ಲಿ ತಾಯಿಯ ಊರು ಬರೆಸ್ಕೊಂಡೇ ಇರ್ತಾರೆ. ಇವತ್ತು ಹುಟ್ಟಿದ ಮಗು ಒಂದನೇ ಕ್ಲಾಸಿಗೆ ಬರೋದು ಆರು ವರ್ಷದ ನಂತರ. ಇಷ್ಟು ಮುಂಚೆ ನೋಟಿಸ್ ಕೊಟ್ಟು ಬರೋ ಬೇಡಿಕೆ ಸರ್ಕಾರಕ್ಕೆ ಇನ್ನೊಂದಿದೆಯಾ? ನೀರಿನ ಬರ ಕೂಡ ಇಷ್ಟು ಸಮಯ ಕೊಡಲ್ಲ.

ಲೆಕ್ಕ ಇಲ್ಲದ್ದರ ಪೆಟ್ಟು ಎಲ್ಲರಿಗೂ ಒಂದೇ ಥರ ಬೀಳಲ್ಲ. ಸಂಬಳ ಇರೋ ಮನೆ ಸಾಲ ಮಾಡಿಯಾದರೂ ಫೀಸ್ ಕಟ್ಟುತ್ತೆ. ಅಪಾರ್ಟ್‌ಮೆಂಟ್ ಕಟ್ಟೋಕೆ ರಾಯಚೂರು, ಯಾದಗಿರಿಯಿಂದ ಬಂದು ಶೆಡ್ಡಿನಲ್ಲಿರೋ ಕುಟುಂಬ? ಜೂನ್‌ನಲ್ಲಿ ಒಂದು ಕಡೆ, ನವೆಂಬರ್‌ನಲ್ಲಿ ಇನ್ನೊಂದು ಕಡೆ. ಹತ್ತಿರದ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರ್ ಮಗುವನ್ನು ಸೇರಿಸಿಕೊಳ್ತಾರೆ, ಬೇಡ ಅನ್ನಲ್ಲ. ಆದರೆ ಶಿಕ್ಷಕರ ಹುದ್ದೆ ನಿಗದಿಯಾಗೋದು ಆಗಲೇ ದಾಖಲಾದ ಮಕ್ಕಳ ಲೆಕ್ಕದ ಮೇಲೆ. ಮಕ್ಕಳು ಮೊದಲು ಬರ್ತಾರೆ, ಮೇಷ್ಟ್ರು ಆಮೇಲೆ ಬರ್ತಾರೆ, ಅದೂ ಅತಿಥಿ ಶಿಕ್ಷಕರಾಗಿ. ಖಾಸಗಿ ಶಾಲೆಯ ಶೇ 25ರ ದಾರಿಯೂ ಕಿರಿದಾಯ್ತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟಿಲ್ಲ ಅಂತ 2019-20ರಿಂದ ನಮ್ಮ ರಾಜ್ಯದಲ್ಲಿ ನಿಯಮ ಬದಲಾಯ್ತು. ಸರ್ಕಾರಿ ಶಾಲೆ ಇದೆ ಅಂತಷ್ಟೇ ನೋಡಿದರು, ಅದರಲ್ಲಿ ಜಾಗ ಇದೆಯಾ ಅಂತ ನೋಡಲಿಲ್ಲ.

ನಿಮ್ಮ ಏರಿಯಾದ ಲೆಕ್ಕ ಬೇಕಾ? ನಿಮ್ಮ ಪಾಲಿಕೆಗೆ ಅಥವಾ ಪಂಚಾಯಿತಿಯ ಪಿಡಿಒಗೆ ಹತ್ತು ರೂಪಾಯಿ ಕಟ್ಟಿ ಒಂದು ಆರ್‌ಟಿಐ ಅರ್ಜಿ ಹಾಕಿ. ಶಿಕ್ಷಣ ಹಕ್ಕು ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ನಮ್ಮ ವಾರ್ಡಿನ ಮಕ್ಕಳ ಬಗ್ಗೆ ನೀವು ಇಟ್ಟಿರುವ ದಾಖಲೆಯ ಪ್ರತಿ ಕೊಡಿ ಅಂತ ಬರೀರಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಆರ್‌ಟಿಐ ಅರ್ಜಿ 150 ಪದ ಮೀರಬಾರದು ಅನ್ನೋ ನಿಯಮ ಇದೆ. ಇದಕ್ಕೆ ಇಪ್ಪತ್ತು ಪದ ಸಾಕು.